ಚಕ್ಮಾ ರಾಜ ಆರಿಸಿಕೊಂಡ ದೇಶ



1971ರ ಮಾರ್ಚ್ 27ರಂದು ಚಿತ್ತಗಾಂಗ್ ಬಳಿಯ ಕಲೂರ್‌ಘಾಟ್ ರೇಡಿಯೋದಿಂದ ಮೇಜರ್ ಜಿಯಾವುರ್ ರೆಹಮಾನ್, ಶೇಖ್ ಮುಜೀಬರ ಪರವಾಗಿ, ಬಾಂಗ್ಲಾದೇಶ ಸ್ವತಂತ್ರವೆಂದು ಸಾರಿದರು. ರೇಡಿಯೋದವರಾದ ನಮಗೆ ಈ ಪ್ರಸಂಗ ಹೇಳುವುದೆಂದರೆ ಒಂದಿಷ್ಟು ಹೆಮ್ಮೆಯೇ. ಆದರೆ ಅದೇ ಕರ್ಣಫುಲಿ ನದಿಯ ಮೇಲ್ದಂಡೆಯಲ್ಲಿ, ರಂಗಾಮಾಟಿಯ ಗುಡ್ಡಗಳಲ್ಲಿ ಬೌದ್ಧರಾದ ಚಕ್ಮಾ ಜನರಿದ್ದರು. ಬಂಗಾಳಿಗಳ ಈ ಸ್ವಾತಂತ್ರ್ಯದಲ್ಲಿ ತಮಗೆ ಜಾಗವಿದೆಯೇ ಎಂಬ ಅಳುಕು ಅವರದು.

ಅಳುಕಿಗೆ ಕಾರಣವಿತ್ತು. 1947ರಲ್ಲಿ ಆ ಗುಡ್ಡನಾಡಿನ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮೇತರರು. ಭಾರತಕ್ಕೇ ಸೇರುತ್ತೇವೆಂದು ನಂಬಿ ಆಗಸ್ಟ್ 15ರಂದು ರಂಗಾಮಾಟಿಯಲ್ಲಿ ನಮ್ಮ ತ್ರಿವರ್ಣ ಧ್ವಜ ಹಾರಿಸಿದರು. ಎರಡು ದಿನ ಕಳೆದು ಪ್ರಕಟವಾದ ರ‍್ಯಾಡ್‌ಕ್ಲಿಫ್ ತೀರ್ಪು ಅವರನ್ನು ಪಾಕಿಸ್ತಾನಕ್ಕೆ ಕೊಟ್ಟಿತು. ಸೈನಿಕರು ಬಂದು ಧ್ವಜ ಇಳಿಸಿದರು. ಆಮೇಲೆ ಕಾಪ್ತಾಯಿ ಅಣೆಕಟ್ಟು ಬಂತು. ಒಳ್ಳೆಯ ಸಾಗುವಳಿ ಭೂಮಿಯಲ್ಲಿ ಸುಮಾರು ಶೇಕಡಾ 40ರಷ್ಟು ಹಿನ್ನೀರಿನ ಪಾಲು. ಒಂದು ಲಕ್ಷದಷ್ಟು ಜನ ಮನೆಮಠ ಕಳೆದುಕೊಂಡರು. ರಾಜನ ಅರಮನೆಯೂ ಮುಳುಗಿತು.

ಅಂಥ ಪಾಕಿಸ್ತಾನದ ಪರ ನಿಂತವರು ಅದೇ ಅರಮನೆಯ ರಾಜ ತ್ರಿದಿವ್ ರಾಯ್! 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸ್ಥಾನಗಳಲ್ಲಿ 160 ಅವಾಮಿ ಲೀಗಿಗೆ ಹೋದಾಗ, ಉಳಿದೆರಡರಲ್ಲಿ ಒಂದನ್ನು ಪಕ್ಷೇತರರಾಗಿ ಗೆದ್ದವರು ಇವರು. ದೂರದ ದೊರೆಗಿಂತ ಪಕ್ಕದ ಬಹುಸಂಖ್ಯಾತರೇ ಅವರಿಗೆ ಹೆಚ್ಚು ಭಯ ಹುಟ್ಟಿಸಿರಬೇಕು. ನೆರೆಯ ಮೋಂಗ್ ರಾಜ ಮೋಂಗ್ ಪ್ರೂ ಸೈನ್ ಮಾತ್ರ ನಿರಾಶ್ರಿತರಿಗೆ ಮನೆಬಾಗಿಲು ತೆರೆದು ವಿಮೋಚನೆಯ ಪರ ನಿಂತರು. ಚಕ್ಮಾ ತರುಣರೂ ಎರಡೂ ಕಡೆ ಹಂಚಿಹೋದರು. ಆದರೂ ರಾಜನ ನಿರ್ಧಾರದಿಂದಾಗಿ ಇಡೀ ಜನಾಂಗದ ಮೇಲೆ ಸಂಶಯ ಬಿತ್ತು.

1972ರಲ್ಲಿ ಬಾಂಗ್ಲಾದೇಶಕ್ಕೆ ವಿಶ್ವಸಂಸ್ಥೆಯ ಸದಸ್ಯತ್ವ ಸಿಗಬಾರದೆಂದು ವಾದಿಸಲು ಭುಟ್ಟೊ ಇದೇ ರಾಜರನ್ನು ನ್ಯೂಯಾರ್ಕಿಗೆ ಕಳಿಸಿದರು. ಮುಜೀಬರು ಯಾರನ್ನು ಕಳಿಸಿದರು ಗೊತ್ತೆ? ರಾಜರ ತಾಯಿ ಬಿನೀತಾ ರಾಯ್ ಅವರನ್ನೇ, ಮಗನನ್ನು ಕರೆತರಲೆಂದು. ಮಗ ಬರಲಿಲ್ಲ. ಪಾಕಿಸ್ತಾನದಲ್ಲಿ ಮಂತ್ರಿಯಾಗಿ, ರಾಯಭಾರಿಯಾಗಿ, 2012ರಲ್ಲಿ ಇಸ್ಲಾಮಾಬಾದಿನಲ್ಲಿ ತೀರಿಕೊಂಡರು.

ಅವರು ಹಿಡಿದ ಪಕ್ಷ ತಪ್ಪೆಂದೇ ನನಗನಿಸುತ್ತದೆ. ಅವರ ಅಳುಕು ಸುಳ್ಳಾಗಿರಲಿಲ್ಲ. 1972ರ ಅಕ್ಟೋಬರ್ 31ರಂದು ಢಾಕಾದ ಸಂವಿಧಾನ ಸಭೆ ದೇಶದ ಪ್ರಜೆಗಳೆಲ್ಲ ಬಂಗಾಳಿಗಳೆಂದು ಬರೆಯಹೊರಟಾಗ, ದೇಶ ಬಿಡದೆ ಉಳಿದಿದ್ದ ಚಕ್ಮಾ ಸದಸ್ಯ ಮಾನಬೇಂದ್ರ ನಾರಾಯಣ್ ಲಾರ್ಮಾ ತಾವು ಬಂಗಾಳಿಯಲ್ಲವೆಂದು ಪ್ರತಿಭಟಿಸಿ ಸಭೆಯಿಂದ ಹೊರನಡೆದರು. ಮುಂದೆ ಗುಡ್ಡಗಳಲ್ಲಿ ಬಂದೂಕುಗಳೇ ಮಾತಾಡಿದವು. ಒಪ್ಪಂದಕ್ಕೆ ಸಹಿ ಬಿದ್ದದ್ದು 1997ರ ಡಿಸೆಂಬರ್ 2ರಂದು.