ನಮ್ಮ ಸೀಮೆಯ ಎಮ್ಮೆ ಮತ್ತು ಅದರ ಹೈನು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯನ್ನೇರಿದವರು ಪಂಪನನ್ನೋ ಬಸವಣ್ಣನವರನ್ನೋ ಕುರಿತು ನಾಲ್ಕು ಮಾತನಾಡುವುದು ವಾಡಿಕೆ. ನಾವಾದರೋ ಎಮ್ಮೆಯನ್ನು ಕುರಿತು ಮಾತನಾಡಲು ನಿಂತಿದ್ದೇವೆ. ಇದರಲ್ಲಿ ವಿನೋದವೇನೂ ಇಲ್ಲ. ಹೊಲ ಕೈಬಿಟ್ಟ ವರ್ಷ ಮನೆಯಲ್ಲಿ ಹಾಲಿನ ಹಣವೂ ಇಲ್ಲವಾದರೆ ಸಂಸಾರ ಗಂಟುಮೂಟೆ ಕಟ್ಟಿ ಬೆಂಗಳೂರಿನ ದಾರಿ ಹಿಡಿಯುತ್ತದೆ. ಸಂಸಾರದೊಡನೆ ಮಕ್ಕಳೂ ಹೋಗುತ್ತಾರೆ. ಹಾಗಾದ ಮೇಲೆ ಇಲ್ಲಿಯ ಕನ್ನಡ ಶಾಲೆಯ ಹಲಗೆಯ ಮುಂದೆ ಕುಳಿತುಕೊಳ್ಳುವವರು ಯಾರು? ಎಮ್ಮೆಯ ಮಾತು ಈ ಸಂಘಕ್ಕೆ ಹೊರಗಿನದಲ್ಲವೆಂದು ನಾವು ತಿಳಿದಿರುವುದು ಈ ಕಾರಣದಿಂದ.

ನಮ್ಮ ಜನ ಈ ಪ್ರಾಣಿಗೆ ಕೊಟ್ಟಿರುವ ಮರ್ಯಾದೆ ಅಷ್ಟಕ್ಕಷ್ಟೆ. ಹಸುವಿಗೆ ಪೂಜೆ, ಎತ್ತಿಗೆ ಕಾರಹುಣ್ಣಿಮೆ. ಕೋಣನಿಗೋ, ಅದರ ಮುಂದೆ ಕಿನ್ನರಿ ಬಾರಿಸಿದರು ಎಂಬ ಗಾದೆ. ಆದರೂ ಹೆಸರಿನ ಹಳಮೆಯಲ್ಲಿ ಇದು ಯಾರಿಗೂ ಕಡಮೆಯಲ್ಲ. ನಾವು ಎಮ್ಮೆ ಎನ್ನುವುದನ್ನು ನೆರೆಯ ತೆಲುಗರು ಎನುಮು ಎನ್ನುತ್ತಾರೆ, ತಮಿಳರು ಎರುಮೈ ಎನ್ನುತ್ತಾರೆ. ಮೂರೂ ಒಂದೇ ಬೇರಿನಿಂದ ಒಡೆದ ಮಾತುಗಳು. 2019ರ ಜಾನುವಾರು ಗಣತಿಯಲ್ಲಿ ಭಾರತದ ಎಮ್ಮೆಗಳ ಸಂಖ್ಯೆ ಸುಮಾರು 11 ಕೋಟಿ. ಜಗತ್ತಿನ ಒಟ್ಟು ಎಮ್ಮೆಗಳಲ್ಲಿ ಅರ್ಧಕ್ಕೂ ಹೆಚ್ಚು ನಮ್ಮ ದೇಶದಲ್ಲಿಯೇ ಇವೆ. ಹಸುವಿನ ಹಾಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಜಿಡ್ಡಿದ್ದರೆ ಎಮ್ಮೆಯ ಹಾಲಿನಲ್ಲಿ ಏಳರಷ್ಟಿರುತ್ತದೆ. ಜಿಡ್ಡನ್ನು ಅಳೆದು ಬೆಲೆ ಕಟ್ಟುವ ಹಾಲಿನ ಕೇಂದ್ರದಲ್ಲಿ ಇದರ ಅರ್ಥವೇನೆಂಬುದು ಇಲ್ಲಿ ಕುಳಿತಿರುವ ತಾಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಈ ನೆಲದ ಮಾತು. ಚಿತ್ರದುರ್ಗದ ಕಡೆಯಿಂದ ವೇದಾವತಿಯೆಂದು ಹರಿದುಬರುವ ಹೊಳೆ ನಮ್ಮಲ್ಲಿ ಹಗರಿಯಾಗುತ್ತದೆ; ವರ್ಷದ ಬಹುಭಾಗ ಅದು ನೀರಿನ ಹೊಳೆಯಲ್ಲ, ಮರಳಿನ ಹೊಳೆ. ಅದರ ಮರಳು ಗಾಳಿಗೆ ಹಾರಿ ದರ್ಗಾ ಹೊನ್ನೂರಿನ ಕಡೆ ಹೊಲಗಳ ಮೇಲೆ ದಿಬ್ಬವಾಗಿ ಕುಳಿತಿರುವುದನ್ನು ಎಲ್ಲರೂ ಕಂಡಿದ್ದೀರಿ. ಇತ್ತ ಕಣೇಕಲ್ಲಿನ ಕೆರೆಯ ಕೆಳಗೆ, ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬಂದೆಡೆಯಲ್ಲಿ, ಭತ್ತದ ಗದ್ದೆಯಿದೆ. ಅತ್ತ ಶೇಂಗಾ, ಇತ್ತ ಭತ್ತ. ಒಂದರಿಂದ ಬಳ್ಳಿ ಮತ್ತು ಹಿಂಡಿ, ಇನ್ನೊಂದರಿಂದ ಹುಲ್ಲು. ಒರಟು ಮೇವನ್ನು ಹಾಲಾಗಿಸುವುದರಲ್ಲಿ ಎಮ್ಮೆ ಹಸುವಿಗಿಂತ ಸಮರ್ಥ. ಇಂಥ ನೆಲಕ್ಕೆ ಇದಕ್ಕಿಂತ ತಕ್ಕ ಹೈನಿನ ಪ್ರಾಣಿ ಬೇರೊಂದಿಲ್ಲ.

ಯಾವ ತಳಿಯನ್ನು ಕಟ್ಟಬೇಕು ಎಂದು ಕೇಳುವವರುಂಟು. ಸಾಲ ಮಾಡಿ ಹರಿಯಾಣದ ಮುರ್‍ರಾ ಎಮ್ಮೆಯನ್ನು ತಂದು ಕಟ್ಟುವ ಆಸೆ ಹಲವರಿಗಿದೆ. ಮುರ್‍ರಾ ಉತ್ತಮ ತಳಿಯೇ ಸರಿ. ಆದರೆ ಅದರ ಹಾಲು ಅದರ ಮೇವಿನಲ್ಲಿದೆ. ಹಸಿರು ಮೇವಿಲ್ಲದ ಕೊಟ್ಟಿಗೆಗೆ ತಂದರೆ ಹಾಲು ಇಳಿಯುತ್ತದೆ, ಸಾಲ ಮಾತ್ರ ಇಳಿಯುವುದಿಲ್ಲ. ಧಾರವಾಡದ ಪೇಡೆಗೆ ಹಾಲು ಕೊಟ್ಟು ಹೆಸರು ತಂದ, ಅರ್ಧಚಂದ್ರದಂತೆ ಬಾಗಿದ ಕೊಂಬಿನ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ಮನ್ನಣೆ ದೊರೆಯಿತು. ಅದರ ಸೀಮೆ ಬಳ್ಳಾರಿಯವರೆಗೂ ಹಬ್ಬಿದೆ. 1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಕಡಿದು ಅನಂತಪುರ ಜಿಲ್ಲೆಗೆ ಸೇರಿತು. ಆ ಗೆರೆ ಮನುಷ್ಯರ ಕಾಗದಪತ್ರಕ್ಕೆ ಸಂಬಂಧಿಸಿದ್ದೇ ಹೊರತು ಎಮ್ಮೆಗೆ ತಿಳಿಯದು! ಮೇವು ಸಾಲದ ಮನೆಗೆ ಇಂಥ ಗಟ್ಟಿ ತಳಿಯೇ ಲೇಸು. ಮೇವುಳ್ಳವರು ಮನೆಯ ಎಮ್ಮೆಗೇ ಮುರ್‍ರಾದ ವೀರ್ಯ ಕೊಡಿಸಿ, ಮಣಕಗಳನ್ನು ತಮ್ಮ ಕೊಟ್ಟಿಗೆಯಲ್ಲಿಯೇ ಬೆಳೆಸಿಕೊಳ್ಳುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಆದರೆ ಲಾಭ ನಷ್ಟಗಳು ತೀರ್ಮಾನವಾಗುವುದು ತಳಿಯಲ್ಲಿಯೂ ಅಲ್ಲ, ತುಂಬಿದ ಚೊಂಬಿನಲ್ಲಿಯೂ ಅಲ್ಲ. ಒಂದು ಈಯುವಿಕೆಗೂ ಮುಂದಿನ ಈಯುವಿಕೆಗೂ ನಡುವೆ ಎಷ್ಟು ದಿನ ಎಂಬುದರಲ್ಲಿ. ಎಮ್ಮೆ ಗಬ್ಬದಲ್ಲಿರುವುದು ಸುಮಾರು 310 ದಿನ. ಈದ ಮೂರು ತಿಂಗಳಲ್ಲಿ ಮತ್ತೆ ಗಬ್ಬ ಕಟ್ಟಿದರೆ ಹದಿಮೂರು ತಿಂಗಳಿಗೊಂದು ಕರು. ನಮ್ಮ ಹಳ್ಳಿಗಳಲ್ಲಿ ಹದಿನೆಂಟು ತಿಂಗಳಾದರೂ ಯಾರೂ ಹುಬ್ಬೇರಿಸುವುದಿಲ್ಲ. ಹತ್ತು ವರ್ಷದ ಲೆಕ್ಕ ಹಾಕಿ ನೋಡಿರಿ: ಮೊದಲನೆಯ ಎಮ್ಮೆ ಒಂಬತ್ತು ಸಲ ಈಯುತ್ತದೆ, ಎರಡನೆಯದು ಆರೇಳು ಸಲ. ಬತ್ತಿದ ಎಮ್ಮೆಯೂ ಹಸಿದ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವಲ್ಲ; ಆ ದಿನಗಳ ಮೇವೆಲ್ಲ ಮನೆಯ ಗಂಟು.

ದಿನ ಕಳೆದುಹೋಗುವುದು ಹೇಗೆ? ಹಸು ಬೆದೆಗೆ ಬಂದರೆ ಕೂಗಿ ಊರಿಗೆ ತಿಳಿಸುತ್ತದೆ. ಎಮ್ಮೆ ಮೌನಿ. ಅದರ ಬೆದೆ ಬಹುಮಟ್ಟಿಗೆ ರಾತ್ರಿ ಅಥವಾ ನಸುಕಿನಲ್ಲಿ ಕಾಣಿಸುವುದು. ಬೇಸಿಗೆಯಲ್ಲಂತೂ ಕಂಡೂ ಕಾಣದಂತಿರುತ್ತದೆ. ಕನ್ನಡಿಯಂತೆ ಹೊಳೆಯುವ ಲೋಳೆ, ಪದೇ ಪದೇ ಗಂಜಲ ಹೊಯ್ಯುವುದು, ಮೇವಿನಲ್ಲಿ ಮನಸ್ಸಿಲ್ಲದಿರುವುದು, ಆ ಹೊತ್ತಿನ ಹಾಲು ಕಾರಣವಿಲ್ಲದೆ ಕಡಮೆಯಾಗುವುದು — ಇವೇ ಅದರ ಮಾತುಗಳು. ಒಮ್ಮೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು; ಮೂರು ಸಲ ತಪ್ಪಿದರೆ ಎರಡು ತಿಂಗಳು ಹೋಯಿತು. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಹೋರಿಕೋಣಕ್ಕೆ ಬಿಡಿಸುವುದೋ ಕೃತಕ ಗರ್ಭಧಾರಣೆ ಮಾಡಿಸುವುದೋ ಆಗಬೇಕು. ಎರಡು ಮೂರು ತಿಂಗಳಾದ ಮೇಲೆ ಪಶುವೈದ್ಯರಿಂದ ಗಬ್ಬ ನೋಡಿಸಿಕೊಳ್ಳಬೇಕು. ಗಬ್ಬವಿದೆಯೆಂದು ನಂಬಿ ಆರು ತಿಂಗಳು ಕಾದು ಬರಿಗೈಯಾದ ಮನೆಗಳು ಎಷ್ಟಿಲ್ಲ?

ಬೇಸಿಗೆಯ ಮೌನಕ್ಕೆ ಬಿಸಿಲೇ ಮುಖ್ಯ ಕಾರಣ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಹೊಂದಿಕೆಯಿಲ್ಲದ ಜೋಡಿಗೆ ಹೇಳುತ್ತೇವೆ. ಕೋಣ ನೀರಿಗೆ ಎಳೆಯುವುದು ಹಟದಿಂದಲ್ಲ. ಅದರ ಚರ್ಮ ಕಪ್ಪು, ಬಿಸಿಲನ್ನು ಹೀರುತ್ತದೆ. ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಮೆ, ಬೆವರಿ ತಣಿಯಲಾರದು. ಕಾಲುವೆ ನಿಂತು ಕೆರೆ ಬತ್ತಿದ ತಿಂಗಳುಗಳಲ್ಲಿ ಮಧ್ಯಾಹ್ನ ಎರಡು ಸಲ ಮೈಮೇಲೆ ನೀರು ಹೊಯ್ಯಬೇಕು, ಇಲ್ಲವೇ ಒದ್ದೆ ಗೋಣಿತಾಟು ಹೊದಿಸಬೇಕು; ಬೇವಿನ ನೆರಳಾದರೂ ಬೇಕು. ಮೇವನ್ನು ನಸುಕಿನಲ್ಲಿ ಮತ್ತು ರಾತ್ರಿ ಹಾಕಬೇಕು. ಕುಡಿಯಲು ನೀರು ಇಡೀ ದಿನ ಮುಂದಿರಬೇಕು. ಎರಡು ಕೊಡ ನೀರು ಉಳಿಸಿದ ಮನೆಯವರು ಎರಡು ತಿಂಗಳ ಹಾಲನ್ನು ಕಳೆದುಕೊಳ್ಳುತ್ತಾರೆ.

ಮೇವಿನ ವಿಷಯ ಸಂಕ್ಷೇಪವಾಗಿ ಹೇಳುತ್ತೇವೆ. ಬರಿಯ ಭತ್ತದ ಹುಲ್ಲಿನಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯವನ್ನು ಸುಮಾರು ಐವತ್ತು ಲೀಟರು ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಟ್ಟರೆ ಹುಲ್ಲು ಮೃದುವಾಗಿ ಸತ್ತ್ವವುಳ್ಳದ್ದಾಗುತ್ತದೆ. ಆರು ತಿಂಗಳೊಳಗಿನ ಕರುವಿಗೆ ಇದು ಕೂಡದು. ಯೂರಿಯದ ನೀರನ್ನು ದನ ಮುಟ್ಟುವೆಡೆ ಇಡಲೂ ಕೂಡದು, ಅದು ವಿಷ. ಶೇಂಗಾ ಹಿಂಡಿ ಬೂಸಲು ಹಿಡಿದಿದ್ದರೆ ಅಗ್ಗವೆಂದು ಕೊಳ್ಳಬೇಡಿರಿ. ಬೂಸಲಿನ ನಂಜು ಹಾಲಿಗೂ ಇಳಿದು ಮಕ್ಕಳ ಬಟ್ಟಲಿಗೆ ಬರುತ್ತದೆ.

ಕರುವಿನ ಮಾತು ಹೇಳುವಾಗ ನಮಗೆ ಸ್ವಲ್ಪ ಸಿಟ್ಟು ಬರುತ್ತದೆ. ಮಾಸು ಬೀಳುವ ತನಕ ಗಿಣ್ಣುಹಾಲು ಕುಡಿಸಬಾರದೆಂಬ ನಂಬಿಕೆ ಇನ್ನೂ ಉಳಿದಿದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹೊಟ್ಟೆಗೆ ಹೋಗಬೇಕು. ರೋಗವನ್ನು ತಡೆಯುವ ಶಕ್ತಿ ಕರುವಿಗೆ ಬರುವುದು ಅದರಿಂದಲೇ, ಹೊತ್ತು ಮೀರಿದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಎಮ್ಮೆಗರುವಿಗೆ ತಾಯಿಯ ಹಾಲಿನಿಂದಲೇ ಜಂತುಹುಳು ಬರುವುದುಂಟು. ಹತ್ತು ಹದಿನೈದನೆಯ ದಿನ ಔಷಧ ಕುಡಿಸಬೇಕು. ಕೇಂದ್ರಕ್ಕೆ ಅರ್ಧ ಲೀಟರು ಹೆಚ್ಚು ಹಾಕಬೇಕೆಂದು ಕರುವಿನ ಬಾಯಿಂದ ಕಿತ್ತರೆ ಕರು ಸಾಯುತ್ತದೆ. ಕರು ಸತ್ತರೆ ತಾಯಿ ಹಾಲು ಇಳಿಬಿಡುವುದಿಲ್ಲ. ಆಮೇಲೆ ಕರುವಿನ ತೊಗಲಿಗೆ ಹುಲ್ಲು ತುಂಬಿ ಅದರ ಮುಂದೆ ನಿಲ್ಲಿಸುವುದು, ಅದೂ ಸಾಲದೆ ಹೊತ್ತುಹೊತ್ತಿಗೆ ಸೂಜಿ ಚುಚ್ಚುವುದು! ಹೆಣ್ಣುಗರು ಸತ್ತರೆ ನಾಲ್ಕು ವರ್ಷದ ಮೇಲೆ ಕರೆಯಬೇಕಾಗಿದ್ದ ಎಮ್ಮೆಯೇ ಸತ್ತಂತೆ; ಅದರ ಬದಲಿಗೆ ಇನ್ನೊಂದನ್ನು ಸಂತೆಯಲ್ಲಿ ಕೊಳ್ಳಲು ಮತ್ತೆ ಸಾಲ. ಗಳಲೆ ರೋಗಕ್ಕೆ ಮುಂಗಾರಿಗೆ ಮುಂಚೆಯೇ ಚುಚ್ಚುಮದ್ದು ಹಾಕಿಸಿರಿ. ಗಂಟಲು ಊದಿದ ಮೇಲೆ ಉಳಿಯುವ ಎಮ್ಮೆ ಅಪರೂಪ.

ಕಡೆಯಲ್ಲಿ ಸಂಘದವರಲ್ಲಿ ಒಂದು ಬೇಡಿಕೆ. ಮುಂದಿನ ಯುಗಾದಿಗೆ ಒಂದು ರಟ್ಟಿನ ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಎಮ್ಮೆಯಿರುವ ಮನೆಗೆ ಒಂದರಂತೆ ಹಂಚಬೇಕು. ಅದರಲ್ಲಿ ಆರು ಮನೆಗಳಿರಲಿ: ಈದ ದಿನ, ಬೆದೆ ಕಂಡ ದಿನ, ಕೊಡಿಸಿದ ದಿನ, ಅಲ್ಲಿಂದ 21ನೆಯ ದಿನ, ಗಬ್ಬ ನೋಡಿಸಿದ ದಿನ, ಮುಂದೆ ಈಯುವ ದಿನ. ಕೊಟ್ಟಿಗೆಯ ಬಾಗಿಲಿಗೆ ತೂಗುಹಾಕಿದರೆ, ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಗುವೂ ಅದನ್ನು ತುಂಬಬಲ್ಲುದು. ಅಚ್ಚಿನ ಖರ್ಚಿನಲ್ಲಿ ನಮ್ಮ ಪಾಲನ್ನು ಇಂದೇ ಖಜಾಂಚಿಗಳಿಗೆ ಒಪ್ಪಿಸುತ್ತಿದ್ದೇವೆ.