ಎರಡು ನಲ್ಲಿ, ಎರಡು ಲೋಟ, ಒಂದು ತಟ್ಟೆ

(ಉಪನ್ಯಾಸದ ಬರಹ ರೂಪ)

1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತ ಪ್ರವಾಸಕ್ಕೆ ಬಂದಿದ್ದರು. ಗಾಂಧೀಜಿ ಬಾಳಿದ ನೆಲವನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಬಹುದಿನದ ಹಂಬಲವಾಗಿತ್ತು. ಪ್ರವಾಸದ ನಡುವೆ ಅವರು ಕೇರಳದ ತಿರುವನಂತಪುರದ ಶಾಲೆಯೊಂದಕ್ಕೆ ಹೋದರು. ಅಲ್ಲಿದ್ದವರು ಅಸ್ಪೃಶ್ಯರೆನಿಸಿಕೊಂಡ ಕುಟುಂಬಗಳ ಮಕ್ಕಳು. ಶಾಲೆಯ ಮುಖ್ಯಸ್ಥರು ಅತಿಥಿಯನ್ನು ಪರಿಚಯಿಸುತ್ತ, ಇವರು ಅಮೆರಿಕದಿಂದ ಬಂದಿರುವ, ನಿಮ್ಮಂತೆಯೇ ಅಸ್ಪೃಶ್ಯರಾದ ಒಬ್ಬರು ಎಂದರು. ಕಿಂಗ್ ಅವರಿಗೆ ಆ ಕ್ಷಣ ಕಸಿವಿಸಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಮರುಗಳಿಗೆಯಲ್ಲಿ ತಮ್ಮ ದೇಶದ ಎರಡು ಕೋಟಿ ಕಪ್ಪು ಜನರ ಬಾಳು ಕಣ್ಣ ಮುಂದೆ ಬಂತು. ಹೌದು, ತಾನೂ ಅಸ್ಪೃಶ್ಯನೇ, ಅಮೆರಿಕದ ಪ್ರತಿಯೊಬ್ಬ ಕಪ್ಪು ಮನುಷ್ಯನೂ ಅಸ್ಪೃಶ್ಯನೇ ಎಂದು ಮನಸ್ಸು ಒಪ್ಪಿಕೊಂಡಿತು. 1965ರ ಜುಲೈನಲ್ಲಿ ಅಟ್ಲಾಂಟಾದ ತಮ್ಮ ಚರ್ಚಿನಲ್ಲಿ ಪ್ರವಚನ ಮಾಡುವಾಗ ಈ ಪ್ರಸಂಗವನ್ನು ಅವರೇ ಹೇಳಿಕೊಂಡರು.

ಆ ಶಾಲೆಯಲ್ಲಿ ನಡೆದದ್ದು ಒಂದು ಹೋಲಿಕೆ. ಒಬ್ಬರ ನೋವಿಗಿದ್ದ ಹೆಸರನ್ನು ಇನ್ನೊಬ್ಬರು ತಮ್ಮ ನೋವಿಗೆ ಇಟ್ಟು ನೋಡಿದರು, ಅದು ಒಪ್ಪಿತು. ಆದರೆ ಹೋಲಿಕೆಗೆ ಇನ್ನೊಂದು ಮುಖವೂ ಉಂಟು. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ ವಿಶ್ವಸಂಸ್ಥೆಯು ಜನಾಂಗಭೇದದ ವಿರುದ್ಧ ಸಮ್ಮೇಳನ ನಡೆಸಿದಾಗ, ಜಾತಿಯ ವಿಷಯವೂ ಅಲ್ಲಿ ಚರ್ಚೆಗೆ ಬರಬೇಕೆಂದು ದಲಿತ ಸಂಘಟನೆಗಳು ಒತ್ತಾಯಿಸಿದವು. ಜಾತಿ ಬೇರೆ, ಜನಾಂಗ ಬೇರೆ, ಆದ್ದರಿಂದ ಅದು ಇಲ್ಲಿಗೆ ಸಲ್ಲದು ಎಂದು ಭಾರತ ಸರ್ಕಾರ ವಾದಿಸಿತು. ಜಾತಿ ಜನಾಂಗವಲ್ಲ ಎಂಬ ಮಾತೇನೋ ನಿಜ. ಜಾತಿಯ ಮೂಲ ಜನಾಂಗದಲ್ಲಿದೆ ಎಂಬ ವಾದವನ್ನು ಅಂಬೇಡ್ಕರ್ ಅವರೂ ಒಪ್ಪಿರಲಿಲ್ಲ. ಆದರೆ ಆ ನಿಜವನ್ನು ಹಿಡಿದುಕೊಂಡು ನೋವು ಉಂಡವರ ಬಾಯಿ ಮುಚ್ಚಿಸಬಹುದೇ? ಬೇರೆ ಬೇರೆ ತಾರತಮ್ಯಗಳನ್ನು ಹೋಲಿಸುವುದು ಯಾತಕ್ಕೆ, ಹೇಗೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಈ ಹೋಲಿಕೆ ಇಂದಿನದಲ್ಲ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಂಡದ್ದು 1865ರಲ್ಲಿ. ಅದಾದ ಎಂಟೇ ವರ್ಷಕ್ಕೆ, 1873ರಲ್ಲಿ, ಪುಣೆಯ ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಆ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಜನರ ಹಿರಿಯ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಅಲ್ಲಿನ ಕಪ್ಪು ಜನರು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ್ದಾರೆಂದು ತಿಳಿಯಿತು, ಅದರ ಪ್ರತಿ ಬೇಕಾಗಿದೆ ಎಂಬುದು ಅದರ ಸಾರ. ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. ನೊಂದವರು ಹೀಗೆ ಒಬ್ಬರಿಂದೊಬ್ಬರು ಕಲಿಯಲು ನೋಡಿದರೇ ವಿನಾ ಯಾರ ಗಾಯ ದೊಡ್ಡದೆಂದು ತಕ್ಕಡಿ ಹಿಡಿಯಲಿಲ್ಲ.

ಹಾಗಾದರೆ ಹೋಲಿಸಬೇಕಾದದ್ದು ಏನನ್ನು? ಮೊದಲನೆಯದು, ಭೇದ ಮಾಡುವವನು ಯಾವ ಗುರುತಿನಿಂದ ಮನುಷ್ಯನನ್ನು ಬೇರ್ಪಡಿಸುತ್ತಾನೆ ಎಂಬುದನ್ನು. ಎರಡನೆಯದು, ಆ ಗುರುತು ಹೊತ್ತವನ ಒಳಗೆ ಅದು ಏನು ಮಾಡುತ್ತದೆ ಎಂಬುದನ್ನು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕುಡಿಯುವ ನೀರಿಗೆ ಎರಡು ನಲ್ಲಿಗಳಿರುತ್ತಿದ್ದವು. ಒಂದರ ಮೇಲೆ ಬಿಳಿಯರಿಗೆ ಎಂದೂ ಇನ್ನೊಂದರ ಮೇಲೆ ಬಣ್ಣದವರಿಗೆ ಎಂದೂ ಬೋರ್ಡು ಇರುತ್ತಿತ್ತು. ರೈಲು, ಬಸ್ಸು, ಶಾಲೆ, ಸ್ಮಶಾನ ಎಲ್ಲೆಲ್ಲೂ ಇದೇ ಏರ್ಪಾಡು. ಚರ್ಮದ ಬಣ್ಣವೇ ಗುರುತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 1892ರಲ್ಲಿ ಲೂಯಿಸಿಯಾನಾ ರಾಜ್ಯದಲ್ಲಿ ಬಿಳಿಯರ ರೈಲು ಡಬ್ಬಿಯಲ್ಲಿ ಕುಳಿತು ಬಂಧನಕ್ಕೊಳಗಾದ ಹೋಮರ್ ಪ್ಲೆಸ್ಸಿಯನ್ನು ನೋಡಿದವರಿಗೆ ಆತ ಬಿಳಿಯನಂತೆಯೇ ಕಾಣುತ್ತಿದ್ದ. ಎಂಟರಲ್ಲಿ ಒಂದು ಪಾಲು ಮಾತ್ರ ಆಫ್ರಿಕನ್ ರಕ್ತವೆಂದು ಲೆಕ್ಕ. ತಾನು ಬಣ್ಣದವನೆಂದು ಆತನೇ ಹೇಳಬೇಕಾಯಿತು. ಅನ್ಯಾಯದ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲೆಂದೇ ಆತ ಹಾಗೆ ಕುಳಿತಿದ್ದ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆತನ ವಿರುದ್ಧ ತೀರ್ಪಿತ್ತು, ಬೇರೆಯಾಗಿಟ್ಟರೂ ಸಮಾನವಾಗಿಟ್ಟರೆ ತಪ್ಪಿಲ್ಲ ಎಂಬ ನೀತಿಯನ್ನು ಎತ್ತಿಹಿಡಿಯಿತು. ಬಣ್ಣವೆಂಬುದು ನೆಪ, ಕೇಳುವುದು ಹುಟ್ಟನ್ನು ಎಂಬುದನ್ನು ಈ ಮೊಕದ್ದಮೆ ತೋರಿಸಿಕೊಟ್ಟಿತು. ಆ ಮಟ್ಟಿಗೆ ಅಮೆರಿಕದ ವರ್ಣಭೇದ ಜಾತಿಯ ನೆಂಟನೇ.

ಇನ್ನು ನಮ್ಮ ಹಳ್ಳಿಗಳ ಚಹಾದಂಗಡಿಗೆ ಬರೋಣ. ಅಲ್ಲಿದ್ದದ್ದು ಎರಡು ಲೋಟದ ಪದ್ಧತಿ. ದಲಿತರಿಗೆ ಬೇರೆ ಲೋಟ, ಕುಡಿದವರೇ ತೊಳೆದಿಡಬೇಕು. ಇಲ್ಲಿ ಬೋರ್ಡು ಯಾರೂ ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಯಾರು ಯಾವ ಕೇರಿಯವರೆಂದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವನು ಬಂದರೆ, ನೀವು ಯಾವ ಜನ ಎಂಬ ಒಂದು ಪ್ರಶ್ನೆ ಸಾಕು. ಅಂಬೇಡ್ಕರ್ ಬಾಲ್ಯದಲ್ಲಿ ಶಾಲೆಗೆ ಗೋಣಿತಟ್ಟನ್ನು ಮನೆಯಿಂದ ಒಯ್ದು ಅದರ ಮೇಲೆ ಕೂರಬೇಕಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು; ಜವಾನನಿಲ್ಲದ ದಿನ ನೀರಿಲ್ಲ. ಮುಂದೆ ಅವರು ನ್ಯೂಯಾರ್ಕ್‌ನಲ್ಲೂ ಲಂಡನ್ನಿನಲ್ಲೂ ಓದಿದರು. ಆ ವರ್ಷಗಳಲ್ಲಿ ತಾವು ಅಸ್ಪೃಶ್ಯರೆಂಬುದೇ ಮರೆತುಹೋಗಿತ್ತು ಎಂದು ಬರೆದುಕೊಂಡಿದ್ದಾರೆ. 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದು ರೈಲಿನಿಂದಿಳಿದಾಗ, ಉಳಿಯುವುದೆಲ್ಲಿ ಎಂಬ ಪ್ರಶ್ನೆ ಎದುರಾಯಿತು. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ತಂಗಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ಹೊರಹಾಕಿದರು. ವಿದ್ವಾಂಸ ಅದೇ ವಿದ್ವಾಂಸ, ಮೈಬಣ್ಣ ಅದೇ ಮೈಬಣ್ಣ. ಸಮುದ್ರ ದಾಟಿ ಹಿಂದಿರುಗಿದ್ದಷ್ಟೇ ವ್ಯತ್ಯಾಸ.

ಜಾತಿಗೆ ಇನ್ನೊಂದು ವೈಶಿಷ್ಟ್ಯವಿದೆ. ವರ್ಣಭೇದದಲ್ಲಿ ಗೆರೆ ಬಹುಮಟ್ಟಿಗೆ ಒಂದೇ. ಜಾತಿಯಲ್ಲಿ ಗೆರೆಗಳಿಗೆ ಲೆಕ್ಕವಿಲ್ಲ. ಅಂಬೇಡ್ಕರ್ ಇದನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಮೇಲಿನವನಿಂದ ಅವಮಾನ ಉಂಡವನಿಗೂ ಅವಮಾನಿಸಲು ಕೆಳಗೊಬ್ಬನನ್ನು ಒದಗಿಸಿಕೊಡುವ ಏರ್ಪಾಡು ಇದು. ನೊಂದವರೆಲ್ಲ ಒಂದಾಗುವುದು ಇಲ್ಲಿ ಅಷ್ಟು ಕಷ್ಟವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಮೂರನೆಯದು ಮನೆಯೊಳಗಿನ ತಟ್ಟೆ. ನಲ್ಲಿಯ ಮುಂದೆ, ಲೋಟದ ಮುಂದೆ ಭೇದ ಮಾಡುವವನು ಪರಕೀಯ. ಹೆಣ್ಣುಮಗುವಿನ ವಿಷಯದಲ್ಲಿ ಹಾಗಲ್ಲ. ಅವಳು ಉಣ್ಣುವುದು ಅದೇ ಮನೆಯ ಅಡುಗೆ, ಮಲಗುವುದು ಅದೇ ಸೂರಿನಡಿ. ಅಣ್ಣನ ತಟ್ಟೆಗೆ ಬಿದ್ದ ಮೊಟ್ಟೆ ಅವಳ ತಟ್ಟೆಗೆ ಬೀಳದಿದ್ದರೆ, ಬಡಿಸಿದ ಕೈ ಅವಳನ್ನು ಮುದ್ದಿಸುವ ಕೈಯೇ. ತಾಯಿಯೂ ಹಾಗೆಯೇ ಬೆಳೆದವಳು, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವವಳು. ಪ್ರೀತಿಯೊಡನೆ ಬೆರೆತು ಬರುವ ಈ ತಾರತಮ್ಯವನ್ನು ಗುರುತಿಸುವುದೂ ಕಷ್ಟ, ದೂರುವುದು ಇನ್ನೂ ಕಷ್ಟ. ಪರಿಣಾಮವೇನೂ ಸಣ್ಣದಲ್ಲ. ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಹೆಂಗಸರು ಲೆಕ್ಕಕ್ಕೆ ಸಿಗುತ್ತಿಲ್ಲ ಎಂದು ಅಮರ್ತ್ಯ ಸೇನ್ 1990ರಲ್ಲಿ ಬರೆದರು. ಭಾರತದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 945 ಹೆಣ್ಣುಮಕ್ಕಳಿದ್ದರೆ, 2001ರಲ್ಲಿ 927 ಮಂದಿ ಇದ್ದರು. ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ ಕಾನೂನು 1994ರಲ್ಲೇ ಬಂದಿದ್ದರೂ 2011ರ ಗಣತಿಯಲ್ಲಿ ಆ ಸಂಖ್ಯೆ ಮತ್ತೂ ಇಳಿದಿತ್ತು.

ಗುರುತುಗಳು ಹೀಗೆ ಬೇರೆ ಬೇರೆ. ಆದರೆ ಮನುಷ್ಯನ ಒಳಗೆ ಇಳಿದ ಮೇಲೆ ಇವೆಲ್ಲ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿ 1940ರ ದಶಕದಲ್ಲಿ ಪುಟ್ಟ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಬಗೆಯಾಗಿದ್ದ ಗೊಂಬೆಗಳನ್ನಿಟ್ಟರು. ಒಳ್ಳೆಯ ಗೊಂಬೆ ಯಾವುದು ಎಂದರೆ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ಕೆಟ್ಟದ್ದು ಎಂದರೆ ಕಪ್ಪನ್ನು. ನಿನ್ನಂತಿರುವ ಗೊಂಬೆ ಯಾವುದು ಎಂದು ಕೇಳಿದಾಗ, ಆಗತಾನೇ ಕೆಟ್ಟದ್ದೆಂದ ಗೊಂಬೆಯನ್ನೇ ತೋರಿಸಬೇಕಾಗಿ ಬಂದ ಮಕ್ಕಳಲ್ಲಿ ಕೆಲವರು ಅತ್ತುಬಿಟ್ಟರು. ಶಾಲೆಗಳಲ್ಲಿ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ನೀಡಿದಾಗ ಈ ಅಧ್ಯಯನವನ್ನೂ ಉಲ್ಲೇಖಿಸಿತು.

ಸುಮಾರು ಅರ್ಧ ಶತಮಾನದ ನಂತರ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿ ಹುಡುಗರ ನಡುವೆ ಒಂದು ಪ್ರಯೋಗ ನಡೆಸಿ 2004ರಲ್ಲಿ ಪ್ರಕಟಿಸಿದರು. ಆರು, ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟು, ಬಿಡಿಸಿದಷ್ಟಕ್ಕೂ ಹಣವಿತ್ತರು. ಜಾತಿಯ ಮಾತೆತ್ತದಿದ್ದಾಗ ಮೇಲುಜಾತಿ, ಕೆಳಜಾತಿಗಳ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಟಕ್ಕೆ ಮೊದಲು ಪ್ರತಿಯೊಬ್ಬನ ಹೆಸರು, ಊರು, ಜಾತಿಗಳನ್ನು ಎಲ್ಲರೆದುರು ಓದಿ ಹೇಳಿದಾಗ ಕೆಳಜಾತಿಯ ಹುಡುಗರ ಫಲಿತಾಂಶ ಕುಸಿಯಿತು. ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಜಾತಿಯ ಹೆಸರು ಕಿವಿಗೆ ಬಿದ್ದದ್ದಷ್ಟೇ. ಪ್ರತಿಭೆ ಇಲ್ಲದವರು ಹಿಂದುಳಿಯುತ್ತಾರೆ ಎಂದು ಸುಲಭವಾಗಿ ಹೇಳುವವರು ಈ ಹುಡುಗರನ್ನು ಒಮ್ಮೆ ನೆನೆಯಬೇಕು.

ಮೂರು ತಾರತಮ್ಯಗಳನ್ನು ಮೂರು ಬೇರೆ ಪೆಟ್ಟಿಗೆಗಳಲ್ಲಿಟ್ಟರೆ ಕಾಣದೆ ಹೋಗುವವರೂ ಇದ್ದಾರೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ವಿರುದ್ಧ ಐವರು ಕಪ್ಪು ಮಹಿಳೆಯರು ನ್ಯಾಯಾಲಯಕ್ಕೆ ಹೋದರು. 1964ಕ್ಕೆ ಮೊದಲು ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಕೊನೆಗೆ ಬಂದವರನ್ನು ಮೊದಲು ತೆಗೆಯುವ ನಿಯಮದಿಂದಾಗಿ ಕೆಲಸ ಕಳೆದುಕೊಂಡವರೂ ಅವರೇ. 1976ರಲ್ಲಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಕಂಪನಿಯಲ್ಲಿ ಹೆಂಗಸರು ಮೊದಲಿನಿಂದ ಇದ್ದಾರಲ್ಲ, ಹಾಗಾಗಿ ಲಿಂಗಭೇದವಿಲ್ಲ ಎಂದಿತು. ವರ್ಣಭೇದವನ್ನು ಬೇರೆಯಾಗಿಯೇ ನೋಡಬೇಕು, ಎರಡನ್ನೂ ಕೂಡಿಸುವಂತಿಲ್ಲ ಎಂಬುದು ಅದರ ನಿಲುವು. ಇದ್ದ ಹೆಂಗಸರು ಬಿಳಿಯರು, ಇದ್ದ ಕಪ್ಪು ಜನ ಗಂಡಸರು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಕಾನೂನು ಪಂಡಿತೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ಪ್ರಕರಣವನ್ನು ವಿಶ್ಲೇಷಿಸಿ, ಎರಡು ದಾರಿ ಕೂಡುವ ಕಡೆ ಪೆಟ್ಟು ಎರಡೂ ಕಡೆಯಿಂದ ಬೀಳುತ್ತದೆ ಎಂದು ತೋರಿಸಿದರು. ಭಾರತದ ದಲಿತ ಹೆಣ್ಣುಮಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಗಡಿಯಲ್ಲಿ ಅವಳಿಗೆ ಬೇರೆ ಲೋಟ, ಮನೆಯಲ್ಲಿ ಕಡೆಯ ತಟ್ಟೆ.

ಹೋಲಿಕೆಯ ನಿಜವಾದ ಪ್ರಯೋಜನ ಪರಿಹಾರ ಹುಡುಕುವಾಗ ತಿಳಿಯುತ್ತದೆ. ನಲ್ಲಿಯ ಮೇಲಿನ ಬೋರ್ಡನ್ನು 1964ರ ನಾಗರಿಕ ಹಕ್ಕುಗಳ ಕಾನೂನು ಕಿತ್ತುಹಾಕಬಲ್ಲದಾಗಿತ್ತು, ಏಕೆಂದರೆ ಬೋರ್ಡು ಕಣ್ಣಿಗೆ ಕಾಣುತ್ತಿತ್ತು. ಲೋಟಕ್ಕೆ ಬೋರ್ಡಿಲ್ಲ. ಸಂವಿಧಾನದ 17ನೆಯ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದುಮಾಡಿತು, 1955ರಲ್ಲಿ ಅದನ್ನು ಅಪರಾಧವೆಂದು ಶಿಕ್ಷಿಸುವ ಕಾನೂನೂ ಬಂತು. ಆದರೂ ದಲಿತರಿಗೆ ಮಾತ್ರ ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಕೊಡುವ ಅಂಗಡಿಗಳ ಸುದ್ದಿ ಆಮೇಲೆಯೂ ಬರುತ್ತಿತ್ತು. ಕಾಣದ ಗೆರೆಯನ್ನು ಅಳಿಸಬೇಕಾದರೆ ಮೊದಲು ಅದು ಎಲ್ಲಿದೆ ಎಂದು ಗುರುತಿಸಬೇಕು. ಮೈಸೂರು ಸಂಸ್ಥಾನ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿ, ಸರ್ಕಾರಿ ಹುದ್ದೆಗಳಲ್ಲಿ ಯಾವ ಜನ ಎಷ್ಟಿದ್ದಾರೆ ಎಂದು ಲೆಕ್ಕ ಹಾಕಿಸಿದ್ದು ಇದಕ್ಕಾಗಿಯೇ. ಜಾತಿ ಹೋಗಬೇಕೆನ್ನುವವರು ಜಾತಿಯನ್ನೇಕೆ ಕೇಳುತ್ತೀರಿ ಎಂಬ ಆಕ್ಷೇಪಕ್ಕೆ ಉತ್ತರವೂ ಇದರಲ್ಲಿದೆ. ಹೊರಗಿಡಲು ಕೇಳುವುದು ಬೇರೆ, ಹೊರಗಿಟ್ಟವರನ್ನು ಒಳಗೆ ಕರೆಯಲು ಕೇಳುವುದು ಬೇರೆ. ತಟ್ಟೆಯ ವಿಷಯದಲ್ಲಾದರೋ ಅಡುಗೆಮನೆಗೆ ಪೊಲೀಸರನ್ನು ಕಳಿಸುವಂತಿಲ್ಲ. ಆದರೆ ಹೆಣ್ಣುಮಗಳಿಗೆ ಆಸ್ತಿಯಲ್ಲಿ ಪಾಲು ಕೊಡಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ಕಾನೂನನ್ನು ಕರ್ನಾಟಕ 1994ರಲ್ಲಿ ಮಾಡಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ.

ಡರ್ಬನ್‌ನ ವಾದಕ್ಕೆ ಕಾಲವೇ ಒಂದು ಉತ್ತರ ಕೊಟ್ಟಿತು. 2023ರ ಫೆಬ್ರುವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಜನಾಂಗ, ಲಿಂಗ, ಧರ್ಮಗಳ ಸಾಲಿನಲ್ಲಿ ಜಾತಿಯ ಹೆಸರನ್ನೂ ಬರೆದ ಅಲ್ಲಿನ ಮೊದಲ ನಗರ ಅದು. ಕೆಲಸ ಹುಡುಕಿ ಹೋದವರ ಜೊತೆ ಜಾತಿಯೂ ಸಮುದ್ರ ದಾಟಿತ್ತು. ವರ್ಣಭೇದದ ವಿರುದ್ಧ ಕಪ್ಪು ಜನರು ಹೋರಾಡಿ ಪಡೆದ ಕಾನೂನಿನ ದಾರಿ ದಲಿತರ ನೆರವಿಗೆ ಬಂತು. ಫುಲೆ ತಮ್ಮ ಪುಸ್ತಕದ ಅರ್ಪಣೆಯಲ್ಲಿ ಬಯಸಿದ್ದೂ ಇಂಥದನ್ನೇ: ಅಲ್ಲಿನ ಬಿಡುಗಡೆ ಇಲ್ಲಿನವರಿಗೆ ಮಾದರಿಯಾಗಲಿ ಎಂದು.

ತಿರುವನಂತಪುರದ ಶಾಲೆಯಲ್ಲಿ ಕಿಂಗ್ ಅವರಿಗೆ ಮೊದಲು ಬಂದದ್ದು ಸಿಟ್ಟು. ಅದು ಸಹಜ, ಇನ್ನೊಬ್ಬರ ಅವಮಾನದ ಹೆಸರಿನಲ್ಲಿ ತನ್ನನ್ನು ಕರೆಸಿಕೊಳ್ಳಲು ಯಾರಿಗೂ ಇಷ್ಟವಾಗದು. ಆ ಸಿಟ್ಟಿನಲ್ಲೇ ಅವರು ನಿಂತುಬಿಟ್ಟಿದ್ದರೆ, ಅವರ ಎದುರಿಗಿದ್ದ ಮಕ್ಕಳು ಕೇವಲ ಬೇರೆ ದೇಶದ ಮಕ್ಕಳಾಗಿಯೇ ಉಳಿಯುತ್ತಿದ್ದರು.