ಗ್ಯಾಸ್ ಅಂತ ಸುಮ್ಮನಿರಬೇಡಿ: ಮೇದೋಜೀರಕ ಗ್ರಂಥಿ ಊದಿಕೊಂಡಾಗ

ಕುಡತಿನಿಯಿಂದ ಮಾತಾಡ್ತಾ ಇದೀನಿ. ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಆದ್ರೆ ಹೊಟ್ಟೆನೋವು ಬಂದಾಗ ಆಸ್ಪತ್ರೆಗೆ ಹೋಗ್ಬೇಕೋ ಬೇಡ್ವೋ ಅಂತ ಮನೇಲಿ ತೀರ್ಮಾನ ಮಾಡೋರು ನಾವೇ ತಾನೇ? ಅದಕ್ಕೇ ಈ ಎಪಿಸೋಡ್.

ಊರಲ್ಲಿ ಥರ್ಮಲ್ ಪ್ಲಾಂಟು, ಆ ಕಡೆ ತೋರಣಗಲ್ಲಿನ ಸ್ಟೀಲ್ ಪ್ಲಾಂಟು. ಶಿಫ್ಟ್ ಮುಗಿಸಿ ಬಂದವರು ಹೊಟ್ಟೆ ಹಿಡ್ಕೊಂಡ್ರೆ ಮೊದಲ ಮಾತು, "ಗ್ಯಾಸ್ ಆಗೈತಿ, ಸೋಡಾ ಕುಡಿ." ಬಹಳ ಸಲ ಅದು ಗ್ಯಾಸೇ. ಅಲ್ಲದಿದ್ರೆ?

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಇರುತ್ತೆ. ಅದರ ಜೀರ್ಣರಸ ಸಣ್ಣ ಕರುಳಿಗೆ ಹೋದ ಮೇಲೆ ಕೆಲಸ ಶುರು ಮಾಡಬೇಕು. ಗ್ರಂಥಿಯೊಳಗೇ ಶುರು ಮಾಡಿದ್ರೆ, ಅದು ತನ್ನನ್ನೇ ಜೀರ್ಣಿಸೋಕೆ ಹೊರಡುತ್ತೆ. ಇದೇ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್.

ದೊಡ್ಡ ಕಾರಣಗಳು ಎರಡು. ಒಂದು, ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಅಡ್ಡ ಬರೋದು. ಇನ್ನೊಂದು ಮದ್ಯ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು 1000 ಮಿಲಿಗ್ರಾಂ ದಾಟಿದ್ರೂ ಅಪಾಯ. ಕ್ಯಾಲ್ಸಿಯಂ ಹೆಚ್ಚಾಗೋದು, ಕೆಲವು ಔಷಧಿಗಳು ಕೂಡ ಕಾರಣ ಆಗಬಹುದು. ಹಾಗಾಗಿ ಯಾರಿಗಾದ್ರೂ ಇದು ಬಂತು ಅಂದ್ರೆ "ಕುಡೀತಿದ್ದ ಬಿಡ್ರಿ" ಅಂತ ಷರಾ ಬರೀಬೇಡಿ. ಒಂದು ಹನಿ ಮುಟ್ಟದ ಅಮ್ಮನಿಗೂ ಕಲ್ಲಿನಿಂದ ಬರಬಹುದು.

ಲಕ್ಷಣ ನೆನಪಿಟ್ಕೊಳ್ಳಿ. ಹೊಟ್ಟೆಯ ಮೇಲ್ಭಾಗದಲ್ಲಿ ಜೋರಾದ, ಬಿಡದ ನೋವು. ಬಹಳ ಜನರಲ್ಲಿ ಅದು ಬೆನ್ನಿಗೆ ಹಾಯುತ್ತೆ. ಮಲಗಿದ್ರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತ್ರೆ ಸ್ವಲ್ಪ ಕಡಿಮೆ. ಜೊತೆಗೆ ವಾಂತಿ, ಜ್ವರ, ಓಡೋ ನಾಡಿ. ಕಲ್ಲು ಸಿಕ್ಕಿದ್ರೆ ಕಣ್ಣು ಹಳದಿ ಆಗಬಹುದು. ಹೃದಯಾಘಾತದ ನೋವೂ ಕೆಲವೊಮ್ಮೆ ಇದೇ ಜಾಗದಲ್ಲಿ ಬರುತ್ತೆ. ಅಂದ್ರೆ ಕಾಯಬಾರದು ಅನ್ನೋಕೆ ಎರಡನೇ ಕಾರಣ.

ಆಸ್ಪತ್ರೇಲಿ ರಕ್ತದ ಅಮೈಲೇಸ್ ಅಥವಾ ಲೈಪೇಸ್ ನೋಡ್ತಾರೆ. ಸಾಮಾನ್ಯ ಮಿತಿಯ 3 ಪಟ್ಟು ದಾಟಿ, ಇಂಥ ನೋವೂ ಇದ್ರೆ ರೋಗ ಖಚಿತ. ಕಲ್ಲು ಹುಡುಕೋಕೆ ಅಲ್ಟ್ರಾಸೌಂಡ್. ಚಿಕಿತ್ಸೆ ಅಂದ್ರೆ ಡ್ರಿಪ್, ನೋವಿನ ಔಷಧಿ, ನಿಗಾ. ಸುಮಾರು 5 ಜನರಲ್ಲಿ 4 ಜನರಿಗೆ ಇದು ಸೌಮ್ಯವಾಗಿದ್ದು ವಾಸಿಯಾಗುತ್ತೆ. ಉಳಿದವರಲ್ಲಿ ಕಿಡ್ನಿ, ಶ್ವಾಸಕೋಶ ಸೋಲಬಹುದು, ಜೀವವೇ ಹೋಗಬಹುದು. ಮೊದಲ ದಿನ ಯಾರು ಯಾವ ಗುಂಪು ಅಂತ ಮನೇಲಿ ಕೂತು ಹೇಳೋಕಾಗಲ್ಲ.

ವಾಸಿಯಾದ ಮೇಲೂ ಲೆಕ್ಕ ಮುಗಿಯಲ್ಲ. ಕಲ್ಲು ಕಾರಣ ಆಗಿದ್ರೆ ಪಿತ್ತಕೋಶ ತೆಗೆಸೋ ಮಾತನ್ನ ಮುಂದೂಡಬೇಡಿ. ಮದ್ಯ ಕಾರಣ ಆಗಿದ್ರೆ "ಸ್ವಲ್ಪ ಕಡಿಮೆ" ಅಲ್ಲ, ಪೂರ್ತಿ ಬಂದ್. ಸಿಗರೇಟೂ ಅಷ್ಟೇ.

ಬೆನ್ನಿಗೆ ಹಾಯೋ ನೋವು, ನಿಲ್ಲದ ವಾಂತಿ ಕಂಡ್ರೆ ಬೈಕ್ ಹತ್ತಿಸಬೇಡಿ, 108ಕ್ಕೆ ಫೋನ್ ಮಾಡಿ. ಬಳ್ಳಾರಿ ದೂರ ಏನಿಲ್ಲ. ಈ ಎಪಿಸೋಡನ್ನ ನೈಟ್ ಶಿಫ್ಟಲ್ಲಿರೋ ಗೆಳೆಯರಿಗೆ ಕಳಿಸಿ. ಮತ್ತೆ ಸಿಗೋಣ.